ಊಟದೊಡನೆ ಸೇವಿಸುವ ಮಾತ್ರೆ ಮತ್ತು ಹೃದಯದ ರಕ್ಷಣೆ



ಮಾನವ ಶರೀರದಲ್ಲಿ ಶಿರಸ್ಸು, ಹೃದಯ ಮತ್ತು ಬಸ್ತಿ ಎಂಬ ಮೂರು ಮಹಾಮರ್ಮಗಳಿವೆಯೆಂದು ಆಯುರ್ವೇದವು ಹೇಳುತ್ತದೆ. ಬಸ್ತಿಯೆಂದರೆ ಮೂತ್ರದ ನೆಲೆ. ಈ ಮೂರರ ವ್ಯಾಧಿಗಳಿಗೆಂದೇ ಚರಕ ಸಂಹಿತೆಯಲ್ಲಿ 'ತ್ರಿಮರ್ಮೀಯ' ಎಂಬ ಹೆಸರಿನ ಅಧ್ಯಾಯಗಳಿವೆ. ಹೃದಯವನ್ನೂ ಮೂತ್ರದ ನೆಲೆಯನ್ನೂ ಪ್ರಾಚೀನರು ಒಂದೇ ಸಾಲಿನಲ್ಲಿರಿಸಿದುದರ ಔಚಿತ್ಯವು ಇಂದಿನ ಡಯಾಲಿಸಿಸ್ ಕೇಂದ್ರಗಳಲ್ಲಿ ಕಣ್ಣಿಗೆ ಕಾಣುತ್ತದೆ. ಮೂತ್ರಪಿಂಡಗಳು ಸಂಪೂರ್ಣವಾಗಿ ಸೋತವರನ್ನು ಯಂತ್ರವು ಬದುಕಿಸುತ್ತದೆ. ಆದರೆ ಹಾಗೆ ಬದುಕುತ್ತಿರುವವರ ಮರಣಕ್ಕೆ ಮಿಕ್ಕೆಲ್ಲ ಕಾರಣಗಳಿಗಿಂತ ಹೆಚ್ಚಾಗಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ ಕಾರಣವಾಗುತ್ತದೆ.

ದೇವರಮನೆ, ಬಣಕಲ್, ಕೊಟ್ಟಿಗೆಹಾರ, ಕಳಸದ ಕಡೆಯ ನಮ್ಮ ಮನೆಗಳಲ್ಲಿ ಮೂವತ್ತು ವರ್ಷಗಳ ಹಿಂದೆ ಡಯಾಲಿಸಿಸ್ ಎಂಬ ಮಾತೇ ಅಪರೂಪವಾಗಿತ್ತು. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಪ್ರಾರಂಭವಾದ ಮೇಲೆ ಬಡವರಿಗೂ ಈ ಚಿಕಿತ್ಸೆಯು ಎಟುಕುವಂತಾಯಿತು. ನಮ್ಮ ರಾಜ್ಯದಲ್ಲಿ ಜಿಲ್ಲಾ ಆಸ್ಪತ್ರೆಗಳಷ್ಟೇ ಅಲ್ಲದೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಡಯಾಲಿಸಿಸ್ ಯಂತ್ರಗಳಿವೆ. ಇದು ದೊಡ್ಡ ಉಪಕಾರ. ಆದರೆ ಯಂತ್ರದ ಮುಂದೆ ಕಳೆಯುವ ನಾಲ್ಕು ಗಂಟೆಗಳಷ್ಟೇ ಚಿಕಿತ್ಸೆಯಲ್ಲ. ಮನೆಗೆ ಮರಳಿದ ಮೇಲೆ ಊಟದ ಎಲೆಯ ಮುಂದೆ ನಡೆಯುವ ಚಿಕಿತ್ಸೆಯೂ ಒಂದುಂಟು. ಅದುವೇ ರಂಜಕವನ್ನು ಹಿಡಿದಿಡುವ ಮಾತ್ರೆ.

ಈ ಮಾತ್ರೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಕೆಲವರು ಇದನ್ನು ಗ್ಯಾಸ್ಟ್ರಿಕ್ ಮಾತ್ರೆಯೆಂದು ಭಾವಿಸಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತಾರೆ. ಕೆಲವರು ಮೂಳೆಗೆ ಶಕ್ತಿ ಕೊಡುವ ಮಾತ್ರೆಯೆಂದು ತಿಳಿದು, ಮೂಳೆನೋವಿಲ್ಲವೆಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಇದರ ಮೇಲೆ ನಮ್ಮ ಆಯುರ್ವೇದದ ಭಸ್ಮಗಳನ್ನೂ ಸೇರಿಸಿಕೊಳ್ಳುತ್ತಾರೆ. ಮೂರೂ ಸಲ್ಲದು. ಈ ಮಾತ್ರೆಯ ಕೆಲಸವು ಊಟದಲ್ಲಿ ನಡೆಯುತ್ತದೆ, ಅದರ ಗುರಿ ರಕ್ತನಾಳ ಮತ್ತು ಹೃದಯ. ಇದನ್ನು ಭಕ್ತರ ಮನಸ್ಸಿಗೆ ತರುವುದೇ ಈ ಲೇಖನದ ಉದ್ದೇಶ.

ರಂಜಕದ ಲೆಕ್ಕ

ರಂಜಕವೆಂದರೆ ಫಾಸ್ಫರಸ್. ರಕ್ತಪರೀಕ್ಷೆಯ ವರದಿಯಲ್ಲಿ ಇದನ್ನು ಫಾಸ್ಫರಸ್ ಎಂದೋ ಫಾಸ್ಫೇಟ್ ಎಂದೋ ಬರೆದಿರುತ್ತಾರೆ. ಇದು ವಿಷವಲ್ಲ, ಮೂಳೆ, ಹಲ್ಲು ಮತ್ತು ದೇಹದ ಪ್ರತಿಯೊಂದು ಜೀವಕೋಶಕ್ಕೂ ಬೇಕಾದ ಧಾತು. ಆರೋಗ್ಯವಂತರ ರಕ್ತದಲ್ಲಿ ಒಂದು ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ ಇರುತ್ತದೆ. ಆಹಾರದಲ್ಲಿ ಹೆಚ್ಚಾಗಿ ಬಂದುದನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಅವು ಸೋತಾಗ ಹೊರಹೋಗುವ ದಾರಿ ಮುಚ್ಚುತ್ತದೆ, ಒಳಬರುವ ದಾರಿ ಮಾತ್ರ ತೆರೆದಿರುತ್ತದೆ.

ಸ್ಥೂಲವಾಗಿ ಲೆಕ್ಕ ಹಾಕೋಣ. ನಿತ್ಯದ ಊಟದಲ್ಲಿ ಸುಮಾರು 1000 ಮಿಲಿಗ್ರಾಂ ರಂಜಕವಿದ್ದು, ಅದರಲ್ಲಿ 600 ಮಿಲಿಗ್ರಾಂ ಕರುಳಿನ ಮೂಲಕ ರಕ್ತವನ್ನು ಸೇರುತ್ತದೆ ಎಂದಿಟ್ಟುಕೊಂಡರೆ ವಾರಕ್ಕೆ 4200 ಮಿಲಿಗ್ರಾಂ ಆಯಿತು. ನಾಲ್ಕು ಗಂಟೆಗಳ ಒಂದು ಡಯಾಲಿಸಿಸ್ ಸುಮಾರು 800 ಮಿಲಿಗ್ರಾಂ ತೆಗೆಯುತ್ತದೆ. ವಾರಕ್ಕೆ ಮೂರು ಬಾರಿ ಮಾಡಿಸಿಕೊಂಡರೆ 2400 ಮಿಲಿಗ್ರಾಂ ಹೋಗಿ 1800 ಉಳಿಯುತ್ತದೆ. ಘಟ್ಟದ ದಾರಿ, ಬಸ್ಸಿನ ಅಭಾವ, ಕೂಲಿಯ ನಷ್ಟ ಎಂದು ವಾರಕ್ಕೆ ಎರಡೇ ಬಾರಿ ಹೋಗುವವರಲ್ಲಿ 1600 ಮಾತ್ರ ಹೋಗಿ 2600 ಉಳಿಯುತ್ತದೆ. ಇನ್ನೂ ಸ್ವಲ್ಪ ಮೂತ್ರವಾಗುತ್ತಿರುವವರಲ್ಲಿ ಈ ಉಳಿಕೆ ಕಡಿಮೆ. ಮೂತ್ರವೇ ನಿಂತವರಲ್ಲಿ ಅದಕ್ಕೆ ಬೇರೆ ದಾರಿಯಿಲ್ಲ. ಆದುದರಿಂದ ಆಸ್ಪತ್ರೆಗೆ ಹೋಗುವ ಒಂದು ಸರದಿಯನ್ನು ತಪ್ಪಿಸುವುದೆಂದರೆ ನೀರನ್ನು ಮಾತ್ರವಲ್ಲ, ರಂಜಕವನ್ನೂ ಒಳಗೆ ಉಳಿಸಿಕೊಂಡಂತೆ.

ರಕ್ತನಾಳವು ಗಡಸಾಗುವ ಬಗೆ

ಹೀಗೆ ಉಳಿದ ರಂಜಕವು ಸುಮ್ಮನಿರುವುದಿಲ್ಲ. ಅದನ್ನು ತಗ್ಗಿಸಲು ಶರೀರವು ಪ್ಯಾರಾಥೈರಾಯ್ಡ್ ಎಂಬ ಗ್ರಂಥಿಯ ಸ್ರಾವವನ್ನು ಹೆಚ್ಚಿಸುತ್ತದೆ. ಆ ಸ್ರಾವವು ಮೂಳೆಯಿಂದ ಕ್ಯಾಲ್ಸಿಯಂ ಮತ್ತು ರಂಜಕವನ್ನು ಇನ್ನಷ್ಟು ಹೊರಗೆಳೆಯುತ್ತದೆ. ಮೂಳೆ ಸವೆಯುತ್ತದೆ, ಮೈ ತುರಿಸುತ್ತದೆ. ಇವು ರೋಗಿಗೆ ತಿಳಿಯುವ ತೊಂದರೆಗಳು. ತಿಳಿಯದ ತೊಂದರೆಯು ರಕ್ತನಾಳದ ಗೋಡೆಯಲ್ಲಿ ನಡೆಯುತ್ತದೆ.

ರಕ್ತನಾಳದ ಗೋಡೆಯಲ್ಲಿ ಮೃದುವಾದ ಸ್ನಾಯುಕೋಶಗಳಿರುತ್ತವೆ. ಹೃದಯವು ರಕ್ತವನ್ನು ತಳ್ಳಿದಾಗ ಹಿಗ್ಗಿ, ಆಮೇಲೆ ಕುಗ್ಗುವುದು ಅವುಗಳ ಕೆಲಸ. ರಂಜಕ ಹೆಚ್ಚಾದ ರಕ್ತದಲ್ಲಿ ಬಹುಕಾಲ ನೆನೆದಾಗ ಈ ಕೋಶಗಳು ತಮ್ಮ ಗುಣವನ್ನೇ ಬದಲಿಸಿಕೊಂಡು ಮೂಳೆಯ ಕೋಶಗಳಂತೆ ವರ್ತಿಸತೊಡಗುತ್ತವೆ. ತಮ್ಮ ಸುತ್ತ ಕ್ಯಾಲ್ಸಿಯಂ ಮತ್ತು ರಂಜಕವನ್ನು ಕೂಡಿಸಿಕೊಳ್ಳುತ್ತವೆ. ನೀರಿನ ಹಂಡೆಯ ಒಳಮೈಗೆ ಸುಣ್ಣ ಕಟ್ಟಿದಂತೆ ಇದು ಮೇಲ್ಮೈಗೆ ಅಂಟಿದ ಪದರವಲ್ಲ, ಗೋಡೆಯೇ ಗಡಸಾಗುವುದು. ಹಿಗ್ಗದ ನಾಳದೊಳಗೆ ರಕ್ತವನ್ನು ತಳ್ಳಲು ಹೃದಯವು ಹೆಚ್ಚು ಬಲ ಹಾಕಬೇಕು. ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ. ಮುಂದೆ ಹೃದಯದ ದೌರ್ಬಲ್ಯ, ಬಡಿತದ ಏರುಪೇರು, ಹಠಾತ್ ಮರಣದ ಭಯ.

ಇದು ಮುಪ್ಪಿನವರ ಕಾಯಿಲೆಯೆಂದು ತಿಳಿಯಬಾರದು. 2000ದಲ್ಲಿ ಅಮೆರಿಕದ ಗುಡ್‌ಮನ್ ಮತ್ತು ಸಂಗಡಿಗರು ಡಯಾಲಿಸಿಸ್ ಪಡೆಯುತ್ತಿದ್ದ ಎಳೆಯ ವಯಸ್ಸಿನವರ ಹೃದಯದ ರಕ್ತನಾಳಗಳನ್ನು ಪರೀಕ್ಷಿಸಿದರು. ಇಪ್ಪತ್ತು ವರ್ಷದೊಳಗಿನ 23 ಮಂದಿಯಲ್ಲಿ ಯಾರಿಗೂ ಕ್ಯಾಲ್ಸಿಯಂ ಕಟ್ಟಿರಲಿಲ್ಲ. ಇಪ್ಪತ್ತರಿಂದ ಮೂವತ್ತು ವರ್ಷದ 16 ಮಂದಿಯಲ್ಲಿ 14 ಮಂದಿಗೆ ಕಟ್ಟಿತ್ತು. ಕಟ್ಟಿದವರು ರಂಜಕವನ್ನು ಹಿಡಿಯಲೆಂದು ಸೇವಿಸುತ್ತಿದ್ದ ಮಾತ್ರೆಗಳಲ್ಲಿನ ಕ್ಯಾಲ್ಸಿಯಂ ಪ್ರಮಾಣವು, ಕಟ್ಟದವರು ಸೇವಿಸುತ್ತಿದ್ದುದರ ಸುಮಾರು ಎರಡರಷ್ಟಿತ್ತು. ಮಾತ್ರೆ ಬೇಕು, ಆದರೆ ಯಾವ ಮಾತ್ರೆ, ಎಷ್ಟು ಎಂಬುದನ್ನೂ ನೋಡಬೇಕು ಎಂಬ ಪ್ರಶ್ನೆಯನ್ನು ಈ ಅಧ್ಯಯನವು ವೈದ್ಯಲೋಕದ ಮುಂದಿಟ್ಟಿತು.

ಊಟದೊಡನೆಯೇ ಏಕೆ?

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಔಷಧ ಸೇವನೆಗೆ ಹತ್ತು ಕಾಲಗಳನ್ನು ಹೇಳಿದೆ. ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಮುಂಚೆ, ಊಟದ ನಡುವೆ, ಊಟವಾದ ಮೇಲೆ, ತುತ್ತಿನೊಡನೆ ಎಂದು ಅವು ಬೇರೆ ಬೇರೆ. ಆಹಾರದೊಡನೆಯೇ ಬೆರೆಸಿ ಕೊಡುವ ಔಷಧಕ್ಕೆ 'ಸಭಕ್ತ' ಎಂದು ಹೆಸರು. ಔಷಧವು ಅದೇ ಆದರೂ ಕಾಲ ತಪ್ಪಿದರೆ ಫಲ ತಪ್ಪುತ್ತದೆಯೆಂಬುದು ನಮ್ಮ ಶಾಸ್ತ್ರದ ಹಳೆಯ ಮಾತು. ರಂಜಕವನ್ನು ಹಿಡಿಯುವ ಮಾತ್ರೆಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ.

ಈ ಮಾತ್ರೆಯು ರಕ್ತಕ್ಕೆ ಹೋಗಿ ಅಲ್ಲಿರುವ ರಂಜಕವನ್ನು ಕರಗಿಸುವುದಿಲ್ಲ. ಹೊಟ್ಟೆ ಮತ್ತು ಕರುಳಿನಲ್ಲಿ ಆಹಾರದೊಡನೆ ಬೆರೆತು, ಅದರಲ್ಲಿನ ರಂಜಕವನ್ನು ಹಿಡಿದುಕೊಂಡು ಮಲದೊಡನೆ ಹೊರಹೋಗುತ್ತದೆ. ಆಹಾರವಿಲ್ಲದ ಹೊಟ್ಟೆಯಲ್ಲಿ ಅದಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಕ್ಯಾಲ್ಸಿಯಂ ಇರುವ ಮಾತ್ರೆಯಾದರೆ ಅಪಾಯ ಇನ್ನೂ ಒಂದು ಹೆಜ್ಜೆ ಮುಂದಿದೆ: ರಂಜಕವನ್ನು ಹಿಡಿಯದೆ ಉಳಿದ ಕ್ಯಾಲ್ಸಿಯಂ ತಾನೇ ರಕ್ತವನ್ನು ಸೇರುತ್ತದೆ. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ನುಂಗಿದ ಮಾತ್ರೆಯು ವ್ಯರ್ಥವಷ್ಟೇ ಅಲ್ಲ, ರಕ್ತನಾಳಕ್ಕೆ ಹೊರೆಯೂ ಹೌದು.

ಇದರಿಂದ ಒಂದು ಸುಲಭ ಸೂತ್ರ ದೊರೆಯುತ್ತದೆ. ಊಟವಿದ್ದಾಗ ಮಾತ್ರೆ, ಊಟವಿಲ್ಲದಾಗ ಇಲ್ಲ. ಶಿವರಾತ್ರಿಯಂದೋ ಶ್ರಾವಣ ಸೋಮವಾರದಂದೋ ಒಂದು ಹೊತ್ತು ಉಣ್ಣದಿದ್ದರೆ ಆ ಹೊತ್ತಿನ ಈ ಮಾತ್ರೆಯೂ ಬೇಡ. ಉಪವಾಸವನ್ನು ಮಾಡಬಹುದೇ ಎಂಬುದನ್ನೇ ಮೊದಲು ವೈದ್ಯರಲ್ಲಿ ಕೇಳಬೇಕು, ಅದು ಬೇರೆ ಮಾತು. ಶ್ರೀಮಠದ ದಾಸೋಹಕ್ಕೋ ಮದುವೆಗೋ ಬರುವಾಗ ಮಾತ್ರೆಯನ್ನು ಜೇಬಿನಲ್ಲಿ ಇಟ್ಟುಕೊಂಡು ಬರಬೇಕು. ಪಂಕ್ತಿಯಲ್ಲಿ ಕುಳಿತು ಪ್ರಸಾದದೊಡನೆ ಮಾತ್ರೆ ಸೇವಿಸುವುದರಲ್ಲಿ ಸಂಕೋಚವೇನೂ ಇಲ್ಲ. ಮನೆಗೆ ಹೋಗಿ ಮೂರು ಗಂಟೆಯ ಮೇಲೆ ನುಂಗಿದರೆ ಉಪಯೋಗವಿಲ್ಲ.

ಇನ್ನೊಂದು ಎಚ್ಚರಿಕೆ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಸಿಪ್ರೊಫ್ಲಾಕ್ಸಾಸಿನ್‌ನಂತಹ ಕೆಲವು ಸೋಂಕುನಿವಾರಕಗಳು ಇವನ್ನೂ ಈ ಮಾತ್ರೆಯು ಕರುಳಿನಲ್ಲಿ ಹಿಡಿದಿಟ್ಟು ನಿಷ್ಫಲಗೊಳಿಸಬಲ್ಲುದು. ಅವುಗಳಿಗೂ ಇದಕ್ಕೂ ನಡುವೆ ಎಷ್ಟು ಗಂಟೆಗಳ ಅಂತರವಿರಬೇಕೆಂಬುದನ್ನು ಕೇಳಿ ತಿಳಿಯಬೇಕು.

ಮೂರು ತಲೆಮಾರಿನ ಮಾತ್ರೆಗಳು

ಮೊದಮೊದಲು ಈ ಕೆಲಸಕ್ಕೆ ಅಲ್ಯುಮಿನಿಯಂ ಹೈಡ್ರಾಕ್ಸೈಡನ್ನು ಬಳಸುತ್ತಿದ್ದರು. ರಂಜಕವನ್ನು ಅದು ಚೆನ್ನಾಗಿಯೇ ಹಿಡಿಯುತ್ತಿತ್ತು. ಆದರೆ ಡಯಾಲಿಸಿಸ್ ರೋಗಿಗಳ ಮೆದುಳು ಮತ್ತು ಮೂಳೆಗಳಲ್ಲಿ ಅಲ್ಯುಮಿನಿಯಂ ಸೇರಿಕೊಂಡು ಬುದ್ಧಿಭ್ರಮಣೆಯನ್ನೂ ಮೂಳೆಮುರಿತವನ್ನೂ ತರುವುದು 1970ರ ದಶಕದಲ್ಲಿ ಬೆಳಕಿಗೆ ಬಂದಿತು. ಅಲ್ಯುಮಿನಿಯಂ ಇರುವ ಆಮ್ಲಶಾಮಕ ದ್ರವಗಳನ್ನು ಎದೆಯುರಿಗೆಂದು ಅಂಗಡಿಯಿಂದ ತಂದು ಕುಡಿಯುವುದು ಈ ರೋಗಿಗಳಿಗೆ ಇಂದಿಗೂ ಸಲ್ಲದು.

ಅನಂತರ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಅಸಿಟೇಟ್ ಬಂದವು. ಬೆಲೆ ಕಡಿಮೆ, ಮೆದುಳಿಗೆ ಭಯವಿಲ್ಲ. ಕ್ಯಾಲ್ಸಿಯಂ ಅಸಿಟೇಟಿನ 667 ಮಿಲಿಗ್ರಾಂ ಮಾತ್ರೆಯೊಂದರಲ್ಲಿ 169 ಮಿಲಿಗ್ರಾಂ ಶುದ್ಧ ಕ್ಯಾಲ್ಸಿಯಂ ಇರುತ್ತದೆ. ಮೂರು ಊಟಕ್ಕೆ ಎರಡೆರಡರಂತೆ ಆರು ಮಾತ್ರೆಗಳಾದರೆ ದಿನಕ್ಕೆ ಸಾವಿರ ಮಿಲಿಗ್ರಾಂ ದಾಟಿತು. ಮಾತ್ರೆಗಳಿಂದ ಬರುವ ಕ್ಯಾಲ್ಸಿಯಂ ದಿನಕ್ಕೆ 1500 ಮಿಲಿಗ್ರಾಂ ಮೀರಬಾರದೆಂದು 2003ರ ಅಮೆರಿಕದ ಮಾರ್ಗಸೂಚಿಯು ಹೇಳಿತು. 2017ರ ಅಂತಾರಾಷ್ಟ್ರೀಯ ಮಾರ್ಗಸೂಚಿಯು ಕ್ಯಾಲ್ಸಿಯಂ ಮಾತ್ರೆಗಳ ಪ್ರಮಾಣವನ್ನು ಮಿತಿಯಲ್ಲಿಡಬೇಕೆಂದು ಸೂಚಿಸುತ್ತದೆ.

ಮೂರನೆಯ ತಲೆಮಾರಿನವು ಕ್ಯಾಲ್ಸಿಯಂ ಇಲ್ಲದ ಮಾತ್ರೆಗಳು. ಸೆವೆಲಮರ್ 1998ರಲ್ಲಿಯೂ ಲ್ಯಾಂಥನಮ್ ಕಾರ್ಬೊನೇಟ್ 2004ರಲ್ಲಿಯೂ ಅಮೆರಿಕದಲ್ಲಿ ಅನುಮತಿ ಪಡೆದವು. ಆಮೇಲೆ ಕಬ್ಬಿಣದಿಂದ ತಯಾರಾದವೂ ಬಂದವು. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 200 ಡಯಾಲಿಸಿಸ್ ರೋಗಿಗಳಿಗೆ ಒಂದು ವರ್ಷ ಕಾಲ ಸೆವೆಲಮರ್ ಅಥವಾ ಕ್ಯಾಲ್ಸಿಯಂ ಮಾತ್ರೆ ಕೊಡಲಾಯಿತು. ರಂಜಕವು ಎರಡರಲ್ಲಿಯೂ ಹತೋಟಿಗೆ ಬಂದಿತು. ಆದರೆ ಹೃದಯದ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟುವಿಕೆಯ ಏರಿಕೆಯು ಕ್ಯಾಲ್ಸಿಯಂ ಮಾತ್ರೆಯವರಲ್ಲಿ ಶೇ. 25, ಸೆವೆಲಮರ್‌ನವರಲ್ಲಿ ಶೇ. 6 ಆಗಿತ್ತು.

ಹಾಗಾದರೆ ಹೊಸ ಮಾತ್ರೆಯೇ ಸರ್ವೋತ್ತಮವೆಂದು ತೀರ್ಮಾನಿಸಬಹುದೇ? ಇಲ್ಲಿ ಅವಸರ ಸಲ್ಲದು. ರಕ್ತನಾಳದ ಚಿತ್ರದಲ್ಲಿ ಕಂಡ ಲಾಭವು ಆಯುಸ್ಸಿನಲ್ಲಿಯೂ ಕಾಣಬೇಕಷ್ಟೆ. 2007ರಲ್ಲಿ ಪ್ರಕಟವಾದ, ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ ಒಟ್ಟು ಮರಣದ ವಿಷಯವಾಗಿ ಎರಡು ಬಗೆಯ ಮಾತ್ರೆಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2013ರಲ್ಲಿ ಹನ್ನೊಂದು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕ್ಯಾಲ್ಸಿಯಂ ಇಲ್ಲದ ಮಾತ್ರೆಗಳನ್ನು ಸೇವಿಸಿದವರಲ್ಲಿ ಮರಣವು ಶೇ. 22ರಷ್ಟು ಕಡಿಮೆಯಿತ್ತು. 2021ರಲ್ಲಿ ಜಪಾನಿನಿಂದ ಬಂದ ದೊಡ್ಡ ಪ್ರಯೋಗದಲ್ಲಿಯಾದರೋ ಲ್ಯಾಂಥನಮ್ ಸೇವಿಸಿದವರಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇವಿಸಿದವರಿಗಿಂತ ಹೃದಯದ ತೊಂದರೆಗಳು ಕಡಿಮೆಯಾಗಲಿಲ್ಲ.

ಈ ಸಂಗತಿಯನ್ನು ಹೇಳುವುದು ಭಕ್ತರಲ್ಲಿ ಗೊಂದಲವನ್ನು ಹುಟ್ಟಿಸಲಿಕ್ಕಲ್ಲ. ದುಬಾರಿ ಮಾತ್ರೆಯನ್ನು ಕೊಳ್ಳಲಾಗಲಿಲ್ಲವೆಂದು ಮನೆಯವರು ಕೊರಗಬೇಕಾಗಿಲ್ಲ. ಅದಕ್ಕಾಗಿ ಸಾಲ ಮಾಡಬೇಕಾಗಿಯೂ ಇಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಮಿತಿಯಲ್ಲಿ, ಸರಿಯಾದ ಕಾಲದಲ್ಲಿ, ರಕ್ತಪರೀಕ್ಷೆಯ ಕಣ್ಗಾವಲಿನಲ್ಲಿ ಸೇವಿಸುವುದು ಇಂದಿಗೂ ಒಪ್ಪಿತವಾದ ಚಿಕಿತ್ಸೆಯೇ. ಆದರೆ ರಕ್ತದ ಕ್ಯಾಲ್ಸಿಯಂ ಏರಿದವರಿಗೆ, ರಕ್ತನಾಳಗಳು ಈಗಾಗಲೇ ಗಡಸಾಗಿವೆಯೆಂದು ಎಕ್ಸ್‌ರೇಯಲ್ಲಿ ಕಂಡವರಿಗೆ ತಜ್ಞರು ಕ್ಯಾಲ್ಸಿಯಂ ಇಲ್ಲದ ಮಾತ್ರೆಗೆ ಬದಲಾಯಿಸುವುದುಂಟು. ಆಗ ಜನೌಷಧಿ ಕೇಂದ್ರದಲ್ಲಿ ಅದರ ಲಭ್ಯತೆಯನ್ನು ವಿಚಾರಿಸಬಹುದು.

ನಮ್ಮ ಭಸ್ಮಗಳು ಮತ್ತು ಎಲೆಯಡಿಕೆಯ ಸುಣ್ಣ

ಆಯುರ್ವೇದ ವೈದ್ಯರಾದ ನಾವೇ ಹೇಳಬೇಕಾದ ಮಾತೊಂದಿದೆ. ಶಂಖಭಸ್ಮ, ಕವಡೆಯ ಭಸ್ಮ, ಮುತ್ತಿನ ಚಿಪ್ಪಿನ ಭಸ್ಮ, ಪ್ರವಾಳಭಸ್ಮ, ಕುಕ್ಕುಟಾಂಡತ್ವಕ್ ಭಸ್ಮ ಇವೆಲ್ಲವೂ ಮೂಲತಃ ಕ್ಯಾಲ್ಸಿಯಮ್ಮಿನ ಸಂಯುಕ್ತಗಳು. ಗೋದಂತಿ ಭಸ್ಮವೂ ಅಷ್ಟೆ. ಆಮ್ಲಪಿತ್ತಕ್ಕೆ, ಮೂಳೆಯ ದೌರ್ಬಲ್ಯಕ್ಕೆ ಇವು ಉತ್ತಮ ಔಷಧಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಚ್ಚಾದುದನ್ನು ಹೊರಹಾಕುವ ಮೂತ್ರಪಿಂಡವಿಲ್ಲದ ಶರೀರದಲ್ಲಿ ಗುಣವೇ ದೋಷವಾಗುತ್ತದೆ. ಆಸ್ಪತ್ರೆಯಿಂದ ಕ್ಯಾಲ್ಸಿಯಂ ಅಸಿಟೇಟ್, ಮನೆಯಲ್ಲಿ ಜೇನಿನೊಡನೆ ಶಂಖಭಸ್ಮ ಎಂದಾದರೆ ಎರಡೂ ಕಡೆಯಿಂದ ಕ್ಯಾಲ್ಸಿಯಂ ಸೇರುತ್ತದೆ, ಲೆಕ್ಕವು ಯಾರ ಬಳಿಯೂ ಇರುವುದಿಲ್ಲ. ಯವಕ್ಷಾರದಲ್ಲಿ ಪೊಟ್ಯಾಸಿಯಂ ಇದೆ. ಅದು ಇವರ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲುದು.

ಮಾತ್ರೆಯ ಬದಲು ಭಸ್ಮವನ್ನೇ ಕೊಡಿರೆಂದು ಕೇಳುವವರೂ ಇದ್ದಾರೆ. ಅದಕ್ಕೆ ನಮ್ಮ ಉತ್ತರ ಒಂದೇ: ಡಯಾಲಿಸಿಸ್ ಪಡೆಯುವವರಿಗೆ ಮೂತ್ರಪಿಂಡ ತಜ್ಞರ ಒಪ್ಪಿಗೆಯಿಲ್ಲದೆ ಯಾವ ಭಸ್ಮವನ್ನೂ ಕ್ಷಾರವನ್ನೂ ಕೊಡಕೂಡದು, ತೆಗೆದುಕೊಳ್ಳಕೂಡದು. ಶಾಸ್ತ್ರದ ಮೇಲಿನ ಗೌರವದಿಂದಲೇ ಈ ಮಾತನ್ನು ಆಡುತ್ತಿದ್ದೇವೆ.

ಮಲೆನಾಡಿನ ಮನೆಗಳಲ್ಲಿ ಊಟವಾದ ಮೇಲೆ ಎಲೆಯಡಿಕೆ ತಪ್ಪುವುದಿಲ್ಲ. ಎಲೆಗೆ ಹಚ್ಚುವ ಸುಣ್ಣವು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ದಿನಕ್ಕೆ ಹಲವು ಬಾರಿ ಹಾಕಿ ರಸವನ್ನು ನುಂಗುವವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ವೈದ್ಯರು ಕೇಳುವುದಿಲ್ಲ, ರೋಗಿಗಳು ಹೇಳುವುದಿಲ್ಲ. ಈ ಅಭ್ಯಾಸವನ್ನು ಬಿಡುವುದೇ ಲೇಸು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಮಾತ್ರೆಗಳಿಗೂ ಇದೇ ನಿಯಮ.

ಊಟದ ಎಲೆಯಲ್ಲಿ

ಮಾತ್ರೆಯ ಶಕ್ತಿಗೆ ಮಿತಿಯಿದೆ. ಒಂದು ಗ್ರಾಂ ಕ್ಯಾಲ್ಸಿಯಂ ಅಸಿಟೇಟ್ ಸುಮಾರು 45 ಮಿಲಿಗ್ರಾಂ ರಂಜಕವನ್ನು ಹಿಡಿಯುತ್ತದೆ. ಮೇಲೆ ಹೇಳಿದ ಆರು ಮಾತ್ರೆಗಳು ಸೇರಿ ದಿನಕ್ಕೆ ಸುಮಾರು 180 ಮಿಲಿಗ್ರಾಂ, ವಾರಕ್ಕೆ 1260 ಮಿಲಿಗ್ರಾಂ. ವಾರಕ್ಕೆ ಮೂರು ಡಯಾಲಿಸಿಸ್ ಆದವರಲ್ಲಿಯೂ ಉಳಿಯುವ 1800ಕ್ಕೆ ಇದು ಸಾಲದು. ಮಿಕ್ಕುದನ್ನು ಪಥ್ಯವೇ ತುಂಬಬೇಕು.

ಇಲ್ಲಿ ಶಾಕಾಹಾರಿಗಳಿಗೆ ಒಂದು ಅನುಕೂಲವಿದೆ. ಬೇಳೆಕಾಳುಗಳಲ್ಲಿ ರಂಜಕವು ಫೈಟೇಟ್ ಎಂಬ ರೂಪದಲ್ಲಿದ್ದು, ನಮ್ಮ ಕರುಳು ಅದರಲ್ಲಿ ಅರ್ಧದಷ್ಟನ್ನೂ ಹೀರಲಾರದು. 2011ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಇನ್ನೂ ಡಯಾಲಿಸಿಸ್ ಹಂತಕ್ಕೆ ಬಾರದ ಒಂಬತ್ತು ಮೂತ್ರಪಿಂಡ ರೋಗಿಗಳಿಗೆ ಸಮಾನ ರಂಜಕವಿರುವ ಮಾಂಸಾಹಾರ ಮತ್ತು ಶಾಕಾಹಾರವನ್ನು ಒಂದೊಂದು ವಾರ ಕೊಟ್ಟು ನೋಡಿದಾಗ, ಶಾಕಾಹಾರದ ವಾರದಲ್ಲಿ ರಕ್ತದ ರಂಜಕವು ಕಡಿಮೆಯಿತ್ತು. ಆದ್ದರಿಂದ ರಂಜಕದ ಭಯದಿಂದ ಬೇಳೆಯನ್ನು ಸಂಪೂರ್ಣವಾಗಿ ಬಿಡಬಾರದು. ಡಯಾಲಿಸಿಸ್‌ನಲ್ಲಿ ಪೌಷ್ಟಿಕಾಂಶವು ನಷ್ಟವಾಗುವುದರಿಂದ ಇವರಿಗೆ ಸಾಕಷ್ಟು ಪ್ರೋಟೀನ್ ಬೇಕೇ ಬೇಕು. ಬೇಳೆಯನ್ನು ನೆನೆಸಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ಕಟ್ಟನ್ನು ಬಸಿದು ಬಳಸುವುದು ಉತ್ತಮ. ನಮ್ಮಲ್ಲಿ ಹುರುಳಿಯ ಕಟ್ಟಿನ ಸಾರು ಎಲ್ಲರಿಗೂ ಪ್ರಿಯ. ಆದರೆ ರಂಜಕ, ಪೊಟ್ಯಾಸಿಯಂ ಎರಡೂ ಇಳಿದಿರುವುದು ಆ ಕಟ್ಟಿನಲ್ಲಿಯೇ.

ಹಾಲಿನ ಮಾತು ಬೇರೆ. ಒಂದು ಲೋಟ, ಅಂದರೆ 200 ಮಿಲಿ ಹಾಲಿನಲ್ಲಿ 180ರಿಂದ 200 ಮಿಲಿಗ್ರಾಂ ರಂಜಕವಿರುತ್ತದೆ. ಆರು ಮಾತ್ರೆಗಳು ದಿನವಿಡೀ ಹಿಡಿಯುವಷ್ಟು ರಂಜಕ ಒಂದೇ ಲೋಟದಲ್ಲಿ ಒಳಬರುತ್ತದೆ. ಹಾಲು, ಮೊಸರು, ಪಾಯಸ, ಖೋವಾದ ಸಿಹಿ ಇವುಗಳ ಪ್ರಮಾಣವನ್ನು ಆಹಾರ ತಜ್ಞರಿಂದ ನಿಗದಿ ಮಾಡಿಸಿಕೊಳ್ಳಬೇಕು. ಕಾಫಿಯ ನಾಡಿನವರಿಗೆ ಕಾಫಿ ಬಿಡಿರೆಂದರೆ ಕಷ್ಟ. ಚಿಕ್ಕ ಲೋಟದಲ್ಲಿ, ಹಾಲು ಕಡಿಮೆ ಮಾಡಿ, ದಿನದ ನೀರಿನ ಲೆಕ್ಕದೊಳಗೇ ಕುಡಿಯಲಿ. ರಾಗಿಗಿಂತ ಅಕ್ಕಿಯಲ್ಲಿ ರಂಜಕ ಕಡಿಮೆ. ಆದುದರಿಂದ ಅಕ್ಕಿರೊಟ್ಟಿ, ಕಡುಬು ಇವರಿಗೆ ಒಗ್ಗುವ ತಿಂಡಿಗಳು.

ಎಲ್ಲಕ್ಕಿಂತ ಕೆಟ್ಟುದು ಪೊಟ್ಟಣದ ತಿನಿಸು. ಕಪ್ಪು ಬಣ್ಣದ ತಂಪು ಪಾನೀಯಗಳಲ್ಲಿ ಫಾಸ್ಫಾರಿಕ್ ಆಮ್ಲವಿದೆ. ಬೇಕರಿಯ ತಿನಿಸು, ಸಂಸ್ಕರಿಸಿದ ಚೀಸ್, ದಿಢೀರ್ ನೂಡಲ್ಸ್ ಮೊದಲಾದವುಗಳಲ್ಲಿ ರಂಜಕದ ಲವಣಗಳನ್ನು ಸೇರಿಸಿರುತ್ತಾರೆ. ಬೇಳೆಯ ರಂಜಕದಂತಲ್ಲದೆ ಇದು ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತವನ್ನು ಸೇರುತ್ತದೆ.

ಮನೆಯವರು ನೆನಪಿಡಬೇಕಾದುದು

ತಿಂಗಳ ರಕ್ತಪರೀಕ್ಷೆಯ ವರದಿಯಲ್ಲಿ ಫಾಸ್ಫರಸ್, ಕ್ಯಾಲ್ಸಿಯಂ ಎಂಬ ಎರಡು ಸಾಲುಗಳನ್ನು ಮನೆಯವರೇ ಓದಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಡಯಾಲಿಸಿಸ್‌ನಲ್ಲಿರುವವರ ಫಾಸ್ಫರಸ್ 5.5ಕ್ಕಿಂತ ಮೇಲೇರಿದರೆ ಊಟ, ಮಾತ್ರೆಯ ಕಾಲ, ತಪ್ಪಿಸಿದ ಸರದಿ ಈ ಮೂರನ್ನೂ ಪರಿಶೀಲಿಸಬೇಕು. ವಾಕರಿಕೆ, ಹೆಚ್ಚಿದ ಮಲಬದ್ಧತೆ, ಮಂಕುತನ ಕಂಡರೆ ಕ್ಯಾಲ್ಸಿಯಂ ಏರಿರಬಹುದು. ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಮಲಬದ್ಧತೆಯ ಕಾರಣದಿಂದ ಅನೇಕರು ಈ ಮಾತ್ರೆಯನ್ನು ಗುಟ್ಟಾಗಿ ಬಿಟ್ಟುಬಿಡುತ್ತಾರೆ. ಬಿಡುವುದಕ್ಕಿಂತ ಹೇಳುವುದು ಮೇಲು, ಅದಕ್ಕೆ ಪರಿಹಾರವಿದೆ. ಆದರೆ ಮೆಗ್ನೀಸಿಯಂ ಇರುವ ವಿರೇಚಕಗಳನ್ನು ತಾವಾಗಿಯೇ ತೆಗೆದುಕೊಳ್ಳಬಾರದು.

ಈ ಮಾತ್ರೆ ನುಂಗಿದ ದಿನ ಏನೂ ಹಿತವೆನಿಸುವುದಿಲ್ಲ, ಬಿಟ್ಟ ದಿನ ಏನೂ ನೋವಾಗುವುದಿಲ್ಲ. ಆದ್ದರಿಂದಲೇ ಇದನ್ನು ಮರೆಯುವುದು ಸುಲಭ. ಅಡುಗೆ ಬಡಿಸುವ ತಾಯಂದಿರು, ಸೊಸೆಯಂದಿರು, ಮಕ್ಕಳು ಉಪ್ಪಿನಕಾಯಿಯ ಜಾಗದಲ್ಲಿ ಈ ಮಾತ್ರೆಯನ್ನು ಎಲೆಯ ತುದಿಗೆ ಇಟ್ಟು ಬಡಿಸಿದರೆ ಅದು ಸಣ್ಣ ಸೇವೆಯಲ್ಲ. ಉಪ್ಪಿನಕಾಯಿ ಹೇಗೂ ಇವರಿಗೆ ಬೇಡ.